ಜಪಾನ್ ಪ್ರವಾಸಕ್ಕೆ ಹೊರಡುವ ಮುನ್ನ ಯಾವ ಜಪಾನಿ ಮಾತುಗಳನ್ನು ಕಲಿಯಬೇಕು?

ಹಾದಿಹೋಕ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬರುವ ಶರತ್ಕಾಲದಲ್ಲಿ ನನ್ನ ತಾಯಿಯವರನ್ನು ಕರೆದುಕೊಂಡು ಜಪಾನಿಗೆ ಹೋಗುವವನಿದ್ದೇನೆ. ಟೋಕಿಯೊದಲ್ಲಿ ಇಳಿದು, ಶಿಂಕನ್ಸೆನ್ ಎಂಬ ಅತಿವೇಗದ ರೈಲಿನಲ್ಲಿ ಕ್ಯೋಟೊಗೆ ಹೋಗಿ, ಕೊನೆಗೆ ವಕಯಾಮ ಪ್ರಾಂತ್ಯದ ಕೋಯಸಾನ್ ಬೆಟ್ಟದ ದೇವಾಲಯವೊಂದರ ಅತಿಥಿಗೃಹದಲ್ಲಿ ತಂಗುವುದೆಂದು ತೀರ್ಮಾನಿಸಿದ್ದೇವೆ. ಪ್ರವಾಸಿ ತಂಡದೊಂದಿಗೆ ಸೇರಿಕೊಳ್ಳದೆ ನಾವೇ ಓಡಾಡಬೇಕೆಂಬ ಆಸೆಯಿರುವುದರಿಂದ, ಹೊರಡುವುದಕ್ಕೆ ಮೊದಲು ಸ್ವಲ್ಪವಾದರೂ ಜಪಾನಿ ಭಾಷೆಯನ್ನು ಕಲಿತುಕೊಳ್ಳಬೇಕೆಂದು ಕುಳಿತಿದ್ದೇನೆ.

ಅಂತರ್ಜಾಲದಲ್ಲಿ ಸಿಕ್ಕ ಪಟ್ಟಿಗಳಲ್ಲಿ ನೂರಾರು ವಾಕ್ಯಗಳಿವೆ. "ನಿಮ್ಮ ಹವ್ಯಾಸವೇನು", "ನಾನು ವಿದ್ಯಾರ್ಥಿ", "ಇಂದು ಹವೆ ಚೆನ್ನಾಗಿದೆ" ಎಂಬವೆಲ್ಲ ಅದರಲ್ಲಿ ಸೇರಿಕೊಂಡಿವೆ. ಇವುಗಳಲ್ಲಿ ನಿಜವಾಗಿ ಬಳಕೆಗೆ ಬರುವುವು ಯಾವುವು, ಬರಿಯ ಬಾಯಿಪಾಠದಿಂದ ಪ್ರಯೋಜನವಿದೆಯೇ, ಲಿಪಿಯನ್ನೂ ಕಲಿಯಬೇಕೇ, ಉಚ್ಚಾರಣೆಯನ್ನು ಹೇಗೆ ಬರೆದಿಟ್ಟುಕೊಳ್ಳಬೇಕು ಎಂಬುದನ್ನು ಅಲ್ಲಿ ಓಡಾಡಿ ಬಂದವರು ತಿಳಿಸಿದರೆ ಉಪಕಾರವಾಗುತ್ತದೆ. ತಾಯಿಯವರು ಮಾಂಸ, ಮೀನು ಎರಡನ್ನೂ ಮುಟ್ಟುವುದಿಲ್ಲ ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ. ನನ್ನ ಚಿಂತೆಯಲ್ಲಿ ಅರ್ಧ ಅದೇ ಆಗಿದೆ.

ಊರೂರುಅಲೆಮಾರಿ (ಉತ್ತರ)

ಇಂಥ ಪಟ್ಟಿಗಳೆಲ್ಲ ಪ್ರವಾಸಿ ಏನು ಹೇಳಬೇಕು ಎಂಬುದನ್ನು ಕಲಿಸುತ್ತವೆಯೇ ಹೊರತು, ಅವನಿಗೆ ಏನು ಕೇಳಿಬರುತ್ತದೆ ಎಂಬುದನ್ನು ಕಲಿಸುವುದಿಲ್ಲ. ನೀವು ಬಾಯಿಪಾಠ ಮಾಡಿದ ಪ್ರಶ್ನೆಯನ್ನು ಚೆಂದವಾಗಿ ಕೇಳಿದಿರೆಂದು ಇಟ್ಟುಕೊಳ್ಳೋಣ. ಎದುರಿನವರು, ಇವರಿಗೆ ಭಾಷೆ ಬರುತ್ತದೆಂದು ನಂಬಿ, ಎಡಕ್ಕೆ ತಿರುಗಿ ಎರಡನೆಯ ಸಿಗ್ನಲ್ ದಾಟಿ ಎಂಬಂಥ ಉದ್ದನೆಯ ಉತ್ತರವನ್ನು ಒಂದೇ ಉಸಿರಿನಲ್ಲಿ ಕೊಟ್ಟರೆ ನಿಮ್ಮ ಕಲಿಕೆ ಅಲ್ಲಿಗೇ ನಿಲ್ಲುತ್ತದೆ. ಆದ್ದರಿಂದ ಪ್ರವಾಸದಲ್ಲಿ ದಿನವೂ ನಿಮ್ಮ ಕಿವಿಗೆ ಬೀಳುವ ಕೆಲವೇ ಪ್ರಶ್ನೆಗಳನ್ನು ಗುರುತಿಸಲು ಮೊದಲು ಕಲಿಯಿರಿ, ಆಮೇಲೆ ಅವುಗಳಿಗೆ ಕೊಡಬೇಕಾದ ಚುಟುಕು ಉತ್ತರಗಳನ್ನು ಕಲಿಯಿರಿ.

ಅಲ್ಲಿ ಕೊಂಬಿನಿ ಎಂದು ಕರೆಯುವ, ದಿನಬಳಕೆಯ ವಸ್ತುಗಳ ಸಣ್ಣ ಅಂಗಡಿಗಳನ್ನೇ ನೋಡಿ. ಸೆವೆನ್ ಇಲೆವೆನ್, ಲಾಸನ್, ಫ್ಯಾಮಿಲಿಮಾರ್ಟ್‌ಗಳು ಬೀದಿ ಬೀದಿಯಲ್ಲಿರುವುದರಿಂದ ನಿಮ್ಮ ಮೊದಲ ಜಪಾನಿ ಸಂಭಾಷಣೆ ಅಂಥದೊಂದು ಅಂಗಡಿಯ ಕೌಂಟರಿನಲ್ಲೇ ನಡೆಯುವ ಸಂಭವ ಹೆಚ್ಚು. ಒಳಗೆ ಕಾಲಿಡುತ್ತಲೇ "ಇರಶ್ಶೈಮಸೆ" ಎಂಬ ಸ್ವಾಗತ ಕೇಳಿಬರುತ್ತದೆ. ಅದಕ್ಕೆ ಉತ್ತರ ಕೊಡಬೇಕಾಗಿಲ್ಲ, ಕಿರುನಗೆ ಸಾಕು. ಊಟದ ಡಬ್ಬಿಯನ್ನು ಕೌಂಟರಿನ ಮೇಲಿಟ್ಟಾಗ ಅಂಗಡಿಯವರು ಅದನ್ನು ಕೈಯಲ್ಲಿ ಹಿಡಿದು "ಅತತಮೆಮಸ್ ಕ" ಎನ್ನುತ್ತಾರೆ. ಬಿಸಿ ಮಾಡಿಕೊಡಬೇಕೇ ಎಂದರ್ಥ. "ಒಹಶಿ" ಎಂಬ ಪದ ಕಿವಿಗೆ ಬಿದ್ದರೆ ಚಾಪ್‌ಸ್ಟಿಕ್ ಬೇಕೇ ಎಂದು ಕೇಳುತ್ತಿದ್ದಾರೆ. "ಪೊಯಿಂತೊ ಕಾದೊ" ಎಂದರೆ ಅಂಗಡಿಯ ಪಾಯಿಂಟ್ ಕಾರ್ಡ್ ಇದೆಯೇ ಎಂಬ ಪ್ರಶ್ನೆ. "ಫುಕುರೊ" ಎಂದರೆ ಚೀಲ; 2020ರ ಜುಲೈ 1ರಿಂದ ಪ್ಲಾಸ್ಟಿಕ್ ಚೀಲಕ್ಕೆ ದುಡ್ಡು ತೆಗೆದುಕೊಳ್ಳುವುದನ್ನು ಕಡ್ಡಾಯ ಮಾಡಿದ್ದರಿಂದ, ಕೇಳದೆ ಯಾರೂ ಚೀಲ ಕೊಡುವುದಿಲ್ಲ. ಈ ಪ್ರಶ್ನೆಗಳು ಅತಿ ವಿನಯದ ರೂಪದಲ್ಲಿ, ಉದ್ದುದ್ದವಾಗಿ, ವೇಗವಾಗಿ ಬರುತ್ತವೆ. ಇಡೀ ವಾಕ್ಯವನ್ನು ಹಿಡಿಯುವ ಹಟ ಬೇಡ. ನಡುವಿನ ಆ ಒಂದು ಪದವನ್ನು ಹಿಡಿದರೆ ಸಾಕು. ಬೇಕಿದ್ದರೆ "ಹೈ, ಒನೆಗೈ ಶಿಮಸ್" ಎನ್ನಿ, ಬೇಡವಾದರೆ "ದೈಜೋಬು ದೆಸ್" ಎನ್ನಿ. "ಇಲ್ಲ" ಎಂಬುದಕ್ಕೆ ಪುಸ್ತಕಗಳು ಕೊಡುವ "ಈಯೆ" ಇಂಥ ಕಡೆ ಸ್ವಲ್ಪ ಒರಟಾಗಿ ಕೇಳಿಸುತ್ತದೆ.

ಉಪಾಹಾರಗೃಹದ ಬಾಗಿಲಲ್ಲಿ ಬರುವ ಪ್ರಶ್ನೆ "ನಮ್ಮೇ ಸಮ ದೆಸ್ ಕ", ಅಂದರೆ ಎಷ್ಟು ಮಂದಿ ಎಂದು. ನೀವಿಬ್ಬರು ಇರುವುದರಿಂದ "ಫುತರಿ ದೆಸ್" ಎಂದು ಹೇಳಿ ಎರಡು ಬೆರಳು ತೋರಿಸಿದರೆ ಮುಗಿಯಿತು. ಕಾಫಿ ಅಂಗಡಿಗಳಲ್ಲಿ ಮತ್ತು ತ್ವರಿತ ಆಹಾರದ ಮಳಿಗೆಗಳಲ್ಲಿ ಇನ್ನೊಂದು ಪ್ರಶ್ನೆ ತಪ್ಪದೆ ಬರುತ್ತದೆ: ಇಲ್ಲಿಯೇ ಕುಳಿತು ತಿನ್ನುತ್ತೀರೋ, ಪಾರ್ಸೆಲ್ಲೋ. ಇದು ಬರಿಯ ಸೌಜನ್ಯದ ಮಾತಲ್ಲ. 2019ರ ಅಕ್ಟೋಬರಿನಲ್ಲಿ ಬಳಕೆ ತೆರಿಗೆಯನ್ನು ಶೇಕಡಾ 10ಕ್ಕೆ ಏರಿಸಿದಾಗ ಪಾರ್ಸೆಲ್ ಒಯ್ಯುವ ಆಹಾರಕ್ಕೆ ಹಳೆಯ ಶೇಕಡಾ 8ನ್ನೇ ಉಳಿಸಿಕೊಂಡರು. ಹಾಗಾಗಿ ನಿಮ್ಮ ಉತ್ತರದ ಮೇಲೆ ತೆರಿಗೆಯ ದರ ನಿಂತಿದೆ. "ತೆನ್ನೈ" ಎಂದರೆ ಅಂಗಡಿಯೊಳಗೆ, "ಒಮೊಚಿಕಯೆರಿ" ಎಂದರೆ ಪಾರ್ಸೆಲ್. ಕುಳಿತುಕೊಳ್ಳುವುದಾದರೆ "ಕೊಕೊ ದೆ" ಎಂದು ಹೇಳಿ. ಊಟ ಮುಗಿದ ಮೇಲೆ ಬಿಲ್ ಬೇಕೆನ್ನಲು "ಒಕೈಕೇ ಒನೆಗೈ ಶಿಮಸ್", ಹೊರಡುವಾಗ ಊಟಕ್ಕೆ ಧನ್ಯವಾದ ಹೇಳುವ "ಗೊಚಿಸೋಸಮ ದೆಶ್ತ" ಎಂದರೆ ಅಡುಗೆಯವರೂ ತಲೆ ಎತ್ತಿ ನೋಡುತ್ತಾರೆ.

ಇನ್ನು ನೀವು ಕೇಳಬೇಕಾದ ಪ್ರಶ್ನೆಗಳ ವಿಷಯ. ಉತ್ತರ ಹೌದು ಅಥವಾ ಅಲ್ಲ ಎಂದು ಬರುವಂತೆ, ಇಲ್ಲವೇ ಒಂದು ಸಂಖ್ಯೆಯಾಗಿ ಬರುವಂತೆ, ಇಲ್ಲವೇ ಅವರು ಕೈ ತೋರಿಸಿ ಮುಗಿಸುವಂತೆ ಪ್ರಶ್ನೆಯನ್ನು ರೂಪಿಸಿಕೊಳ್ಳುವುದು ಜಾಣತನ. ಕ್ಯೋಟೊಗೆ ಹೇಗೆ ಹೋಗಬೇಕೆಂದು ಕೇಳುವ ಬದಲು, ರೈಲಿನ ಬಾಗಿಲ ಬಳಿ ನಿಂತು "ಕೊನೊ ದೆನ್ಶ ವ ಕ್ಯೋತೊ ನಿ ಇಕಿಮಸ್ ಕ" ಎಂದು ಕೇಳಿ, ಅಂದರೆ ಈ ರೈಲು ಕ್ಯೋಟೊಗೆ ಹೋಗುತ್ತದೆಯೇ ಎಂದು. ಯಾವ ಪ್ಲಾಟ್‌ಫಾರಂ ಎಂದು ತಿಳಿಯಲು "ನಂಬನ್ಸೆನ್ ದೆಸ್ ಕ" ಎಂದರೆ ಒಂದು ಸಂಖ್ಯೆ ಉತ್ತರವಾಗಿ ಬರುತ್ತದೆ. ಅದಕ್ಕಾಗಿ ಇಚಿ, ನಿ, ಸನ್, ಯೊನ್, ಗೊ, ರೊಕು, ನನ, ಹಚಿ, ಕ್ಯೂ, ಜೂ ಎಂಬ ಹತ್ತನ್ನೂ ಕಲಿತರೆ ಇಪ್ಪತ್ತಮೂರು "ನಿಜೂಸನ್" ಎಂದು ತಾನೇ ಕೂಡಿಕೊಳ್ಳುತ್ತದೆ. ಬೆಲೆಗಳು ಹೇಗೂ ಯಂತ್ರದ ಪರದೆಯಲ್ಲಿ ಕಾಣುವುದರಿಂದ ದೊಡ್ಡ ಸಂಖ್ಯೆಗಳಿಗಾಗಿ ಹೆಚ್ಚು ಬೆವರು ಸುರಿಸಬೇಕಾಗಿಲ್ಲ. ಆದರೆ ಅಲ್ಲಿ ಹತ್ತು ಸಾವಿರಕ್ಕೆ "ಮನ್" ಎಂಬ ಬೇರೆಯೇ ಪದವಿದೆ, 25,000 ಯೆನ್ ಎಂಬುದು "ನಿಮನ್ ಗೊಸೆನ್ ಎನ್", ಅಂದರೆ ಎರಡು ಹತ್ತುಸಾವಿರ, ಐದು ಸಾವಿರ, ಎಂದು ತಿಳಿದಿದ್ದರೆ ಹೋಟೆಲಿನ ಬಾಡಿಗೆ ಕೇಳುವಾಗ ತಬ್ಬಿಬ್ಬಾಗುವುದಿಲ್ಲ.

ಎಲ್ಲಕ್ಕೂ ಮೊದಲು "ಸುಮಿಮಸೆನ್". ಯಾರನ್ನಾದರೂ ಮಾತಿಗೆಳೆಯುವ ಮುನ್ನ, ಪರಿಚಾರಕರನ್ನು ಕರೆಯುವಾಗ, ಜನಜಂಗುಳಿಯ ರೈಲಿನಿಂದ ಇಳಿಯಲು ದಾರಿ ಕೇಳುವಾಗ, ಯಾರದೋ ಕಾಲು ತುಳಿದಾಗ ಎಲ್ಲೆಡೆ ಇದೊಂದೇ ಸಲ್ಲುತ್ತದೆ.

ನೇರಮಾತು (ಉತ್ತರ)

ಇಷ್ಟೆಲ್ಲ ಶ್ರಮ ಏಕೆಂದು ನನಗೆ ಅರ್ಥವಾಗುತ್ತಿಲ್ಲ. ಫೋನಿನ ಕ್ಯಾಮೆರಾವನ್ನು ಮೆನುವಿನ ಮೇಲೆ ಹಿಡಿದರೆ ಅನುವಾದ ತೆರೆಯ ಮೇಲೆ ಮೂಡುತ್ತದೆ, ಮೈಕ್ ಒತ್ತಿ ಮಾತನಾಡಿದರೆ ಅದೇ ಜಪಾನಿಯಲ್ಲಿ ಹೇಳಿಬಿಡುತ್ತದೆ. ಟೋಕಿಯೊ, ಕ್ಯೋಟೊಗಳ ರೈಲು ನಿಲ್ದಾಣಗಳಲ್ಲಿ ಫಲಕಗಳು ಇಂಗ್ಲಿಷಿನಲ್ಲೂ ಇವೆ, ನಿಲ್ದಾಣಗಳಿಗೆ ಸಂಖ್ಯೆಗಳೂ ಇವೆ. ಅನೇಕ ಸಣ್ಣ ರಾಮೆನ್ (ನೂಡಲ್ ಸಾರು) ಅಂಗಡಿಗಳಲ್ಲಂತೂ ಬಾಗಿಲ ಬಳಿ ಇರುವ ಯಂತ್ರಕ್ಕೆ ದುಡ್ಡು ಹಾಕಿ ಚೀಟಿ ತೆಗೆದುಕೊಂಡು ಒಳಗೆ ಕೊಟ್ಟರಾಯಿತು, ಬಾಯಿ ತೆರೆಯುವ ಅಗತ್ಯವೇ ಬೀಳುವುದಿಲ್ಲ. "ಸುಮಿಮಸೆನ್" ಮತ್ತು "ಅರಿಗತೋ ಗೊಜ಼ೈಮಸ್" (ಧನ್ಯವಾದಗಳು) ಎಂಬ ಎರಡನ್ನು ಕಲಿತು, ಉಳಿದ ಸಮಯವನ್ನು ನೋಡಬೇಕಾದ ಸ್ಥಳಗಳ ಬಗ್ಗೆ ಓದಲು ಬಳಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಕಾಗುಣಿತ (ಉತ್ತರ)

ನೇರಮಾತು ಅವರು ಹೇಳಿದ್ದರಲ್ಲಿ ಓದುವಿಕೆಗೆ ಸಂಬಂಧಿಸಿದ ಭಾಗವನ್ನು ಒಪ್ಪುತ್ತೇನೆ. ಮೆನು ಓದಲು ಫೋನು ನಿಜಕ್ಕೂ ಸಾಕು. ಆದರೆ ಕೌಂಟರಿನಲ್ಲಿ ನಿಮ್ಮ ಹಿಂದೆ ಐದಾರು ಜನ ಸಾಲುಗಟ್ಟಿ ನಿಂತಿರುವಾಗ, ಚೀಲ ಬೇಕೇ ಎಂಬ ಪ್ರಶ್ನೆಗೆ ಫೋನು ತೆಗೆದು, ಆ್ಯಪ್ ತೆರೆದು, ಮೈಕ್ ಒತ್ತಿ, ಇನ್ನೊಮ್ಮೆ ಹೇಳಿ ಎಂದು ಸನ್ನೆ ಮಾಡುವಷ್ಟರಲ್ಲಿ ಎರಡೂ ಕಡೆಯವರಿಗೆ ಮುಜುಗರವಾಗುತ್ತದೆ. ಒಂದು ಪದದಲ್ಲಿ ಮುಗಿಯುವ ಕೆಲಸಕ್ಕೆ ಯಂತ್ರ ನಿಧಾನ.

ಉಚ್ಚಾರಣೆಯನ್ನು ಹೇಗೆ ಬರೆದಿಟ್ಟುಕೊಳ್ಳಬೇಕೆಂದು ಕೇಳಿದ್ದೀರಿ. ರೋಮನ್ ಲಿಪಿಯನ್ನು ಪಕ್ಕಕ್ಕಿಟ್ಟು ಕನ್ನಡದಲ್ಲಿಯೇ ಬರೆದುಕೊಳ್ಳಿ ಎಂಬುದು ನನ್ನ ಖಚಿತ ಸಲಹೆ. ರೋಮನ್ ಅಕ್ಷರಗಳನ್ನು ನೋಡಿದ ಕೂಡಲೇ ನಮ್ಮ ನಾಲಿಗೆ ಇಂಗ್ಲಿಷ್ ಓದುವ ರೂಢಿಗೆ ಹೊರಳಿ ಟ, ಡಗಳನ್ನು ಉಚ್ಚರಿಸುತ್ತದೆ. ಜಪಾನಿಯಲ್ಲಿರುವುದು ತ, ದಗಳಿಗೆ ಹತ್ತಿರವಾದ ಧ್ವನಿಗಳು: "ಡೊಕೊ" ಅಲ್ಲ, "ದೊಕೊ", ನಾವು ಕ್ಯೋಟೊ ಎನ್ನುವ ಊರು ಅವರ ಬಾಯಲ್ಲಿ "ಕ್ಯೋತೊ". ಅದಕ್ಕಿಂತ ಮುಖ್ಯವಾದುದು ಹ್ರಸ್ವ ಮತ್ತು ದೀರ್ಘದ ಭೇದ. "ಒಬಸನ್" ಎಂದರೆ ಚಿಕ್ಕಮ್ಮ ಅಥವಾ ಅತ್ತೆ, "ಒಬಾಸನ್" ಎಂದರೆ ಅಜ್ಜಿ. "ಬಿರು" ಎಂದರೆ ಕಟ್ಟಡ, "ಬೀರು" ಎಂದರೆ ಬಿಯರ್. ಹಾಗೆಯೇ "ಕಿತೆ" ಎಂದರೆ ಬಾ, "ಕಿತ್ತೆ" ಎಂದರೆ ಅಂಚೆಚೀಟಿ. ಎಷ್ಟೋ ವಿದೇಶಿಯರು ಈ ಒತ್ತಕ್ಷರದ ಮುಂದೆ ತಿಣುಕುತ್ತಾರೆ. ಕತೆಗೂ ಕತ್ತೆಗೂ ವ್ಯತ್ಯಾಸ ಮಾಡಿ ಬೆಳೆದ ನಮಗೆ ಅದು ಪಾಠವೇ ಅಲ್ಲ. ಎ, ಏ, ಒ, ಓಗಳನ್ನು ಬೇರೆಬೇರೆಯಾಗಿ ಬರೆಯುವ ಸೌಕರ್ಯವೂ ನಮ್ಮ ಲಿಪಿಯಲ್ಲಿದೆ.

ಕಷ್ಟ ಕೊಡುವ ಧ್ವನಿಗಳು ಎರಡೋ ಮೂರೋ ಅಷ್ಟೆ. "ತ್ಸು" ಪದದ ಮೊದಲಲ್ಲಿ ಬಂದಾಗ ನಾವು ತಕಾರವನ್ನು ನುಂಗಿಬಿಡುತ್ತೇವೆ. ರೈಲಿನಲ್ಲಿ "ತ್ಸುಗಿ ವ" ಎಂದು ಕೇಳಿಸಿದರೆ ಮುಂದಿನ ನಿಲ್ದಾಣದ ಹೆಸರು ಬರುತ್ತಿದೆ ಎಂದರ್ಥ, ಹಾಗಾಗಿ ಅದನ್ನು ಅಭ್ಯಾಸ ಮಾಡಿಕೊಳ್ಳಿ. "ಫು" ಎಂಬುದನ್ನು ಹಲ್ಲು ತುಟಿಗೆ ತಾಗಿಸದೆ ಊದುವಂತೆ ಹೇಳುತ್ತಾರೆ. ಬರಹದಲ್ಲಿ ದೆಸು, ಮಸು ಎಂದಿರುವುದನ್ನು ಮಾತಿನಲ್ಲಿ ದೆಸ್, ಮಸ್ ಎಂದೇ ಕೇಳುತ್ತೀರಿ.

ವಾಕ್ಯದ ಕಟ್ಟಡವೂ ನಮಗೆ ಅನುಕೂಲಕರವಾಗಿದೆ. ಕ್ರಿಯಾಪದ ಕೊನೆಯಲ್ಲಿ, ವಿಭಕ್ತಿಯಂಥ ಪ್ರತ್ಯಯಗಳು ನಾಮಪದದ ನಂತರ. "ತೋಕ್ಯೋ ಕರ ಕ್ಯೋತೊ ಮದೆ" ಎಂಬುದನ್ನು ಪದಕ್ಕೆ ಪದವಾಗಿ ಇಟ್ಟರೆ ಟೋಕಿಯೊ-ಇಂದ ಕ್ಯೋಟೊ-ವರೆಗೆ ಎಂದೇ ಆಗುತ್ತದೆ. ಪ್ರಶ್ನೆಗೆ ವಾಕ್ಯದ ತುದಿಯಲ್ಲಿ "ಕ" ಸೇರಿಸಿದರಾಯಿತು, ನಾವು "ಬಂದರು" ಎಂಬುದನ್ನು "ಬಂದರೇ" ಎಂದು ಮಾಡಿದ ಹಾಗೆ. ಆದ್ದರಿಂದ ಇಂಗ್ಲಿಷ್ ಮೂಲಕ ಕಲಿಸುವ ಪಾಠಗಳನ್ನು ಓದುವಾಗಲೂ ಉದಾಹರಣೆಯನ್ನು ಮನಸ್ಸಿನಲ್ಲಿ ಕನ್ನಡಕ್ಕೆ ತಂದುಕೊಂಡರೆ ವ್ಯಾಕರಣದ ವಿವರಣೆಯಲ್ಲಿ ಅರ್ಧದಷ್ಟನ್ನು ಬಿಟ್ಟುಬಿಡಬಹುದು. ಎನ್‌ಎಚ್‌ಕೆ ವರ್ಲ್ಡ್ ಎಂಬ ಜಪಾನಿನ ಸಾರ್ವಜನಿಕ ಪ್ರಸಾರಸಂಸ್ಥೆಯ ಜಾಲತಾಣದಲ್ಲಿ ಧ್ವನಿಸಹಿತ ಉಚಿತ ಪಾಠಗಳಿವೆ, ಹಿಂದಿಯಲ್ಲೂ ವಿವರಣೆ ಸಿಗುತ್ತದೆ. ಜಪಾನ್ ಫೌಂಡೇಶನ್ನಿನ ಉಚಿತ ಪಾಠಗಳೂ ಇವೆ. ಕಿವಿಯ ಅಭ್ಯಾಸಕ್ಕೆ ಇವು ಸಾಕು.

ಲಿಪಿಯ ವಿಷಯಕ್ಕೆ ಬಂದರೆ, ಹಿರಗನಾ, ಕತಕನಾ ಎಂಬ ಎರಡು ಅಕ್ಷರಮಾಲೆಗಳಲ್ಲಿ ತಲಾ 46 ಮೂಲಾಕ್ಷರಗಳಿವೆ. ಪ್ರವಾಸಿಗೆ ಸಮಯವಿರುವುದು ಒಂದಕ್ಕೆ ಮಾತ್ರವಾದರೆ ಕತಕನಾವನ್ನು ಆರಿಸಿಕೊಳ್ಳಬೇಕು. ಕೋಹೀ, ಕರೇ, ಸರದ, ಜೂಸು, ತೊಯಿರೆ ಎಂಬ ಎರವಲು ಪದಗಳನ್ನೆಲ್ಲ ಅದರಲ್ಲಿಯೇ ಬರೆಯುತ್ತಾರೆ, ಓದಿದ ಕೂಡಲೇ ಕಾಫಿ, ಕರಿ, ಸಲಾಡ್, ಜ್ಯೂಸ್, ಟಾಯ್ಲೆಟ್ ಎಂದು ಅರ್ಥವೂ ಹೊಳೆಯುತ್ತದೆ. ಅಕ್ಷರಗಳ ಕ್ರಮ ಅ, ಇ, ಉ, ಎ, ಒ ಎಂದು ಆರಂಭವಾಗಿ ಕ, ಸ, ತ, ನ, ಹ, ಮ, ಯ, ರ, ವ ಎಂದು ಸಾಗುವುದನ್ನು ಕಂಡು ನಿಮಗೆ ಆಶ್ಚರ್ಯವಾಗಬಹುದು. ಬೌದ್ಧ ಭಿಕ್ಷುಗಳು ಸಿದ್ಧಂ ಎಂಬ ಭಾರತೀಯ ಲಿಪಿಯ ಮೂಲಕ ಸಂಸ್ಕೃತವನ್ನು ಅಭ್ಯಾಸ ಮಾಡಿದ್ದರ ಪರಿಣಾಮ ಅದು. ನೀವು ತಂಗಲಿರುವ ಕೋಯಸಾನ್ ಕ್ಷೇತ್ರವನ್ನು ಸ್ಥಾಪಿಸಿದ ಕೂಕೈ ಎಂಬ ಭಿಕ್ಷು, ಚೀನಾದಲ್ಲಿ ಸಿದ್ಧಂ ಕಲಿತು 806ರಲ್ಲಿ ಜಪಾನಿಗೆ ಹಿಂದಿರುಗಿದವರು. ವಿಷಯಾಂತರವೆನಿಸಿದರೆ ಕ್ಷಮಿಸಿ.

ಕಾಂಜಿಗಳನ್ನು, ಅಂದರೆ ಚೀನೀ ಮೂಲದ ಅಕ್ಷರಗಳನ್ನು, ಕಲಿಯುವ ಗೋಜಿಗೆ ಹೋಗಬೇಡಿ. ನಿತ್ಯಬಳಕೆಗೆಂದು ಸರ್ಕಾರ ನಿಗದಿ ಮಾಡಿರುವವೇ 2,136 ಇವೆ. ಗಂಡು, ಹೆಣ್ಣು, ಒಳದಾರಿ, ಹೊರದಾರಿ, ನಾಲ್ಕು ದಿಕ್ಕುಗಳು, ಇಷ್ಟನ್ನು ಚಿತ್ರದಂತೆ ಗುರುತಿಸಲು ಕಲಿತರೆ ಸಾಕು. ದಿಕ್ಕುಗಳು ಬೇಕಾಗುವುದು ದೊಡ್ಡ ನಿಲ್ದಾಣಗಳಲ್ಲಿ: ಟೋಕಿಯೊದ ಶಿಂಜುಕು ನಿಲ್ದಾಣದಲ್ಲಿ ಹಿಗಶಿಗುಚಿ ಎಂಬ ಪೂರ್ವದ್ವಾರದ ಬದಲು ನಿಶಿಗುಚಿ ಎಂಬ ಪಶ್ಚಿಮದ್ವಾರದಲ್ಲಿ ಹೊರಬಿದ್ದರೆ, ಹಳಿಗಳ ಆ ಬದಿಗೆ ಮತ್ತೆ ನಡೆದು ಬರುವಷ್ಟರಲ್ಲಿ ವಯಸ್ಸಾದವರ ಕಾಲು ಸೋತುಹೋಗುತ್ತದೆ.

ಹಾದಿಹೋಕ

ಊರೂರುಅಲೆಮಾರಿ ಅವರಿಗೂ ಕಾಗುಣಿತ ಅವರಿಗೂ ಧನ್ಯವಾದಗಳು. ಹಳೆಯ ಪಟ್ಟಿಯನ್ನು ಪಕ್ಕಕ್ಕಿಟ್ಟು, ಕಿವಿಗೆ ಬೀಳುವ ಮಾತುಗಳನ್ನು ಕನ್ನಡದಲ್ಲಿ ಬರೆದುಕೊಳ್ಳಲು ಆರಂಭಿಸಿದ್ದೇನೆ. ಎರಡು ಸಂದೇಹಗಳು ಉಳಿದಿವೆ. ತಾಯಿಯವರ ಊಟಕ್ಕೆ "ನಿಕು ತೊ ಸಕನ ವ ತಬೆಮಸೆನ್", ಅಂದರೆ ಮಾಂಸ ಮತ್ತು ಮೀನು ತಿನ್ನುವುದಿಲ್ಲ, ಎಂಬ ವಾಕ್ಯ ಸಿಕ್ಕಿದೆ. ಇದಿಷ್ಟು ಹೇಳಿದರೆ ಸಾಕಾಗುತ್ತದೆಯೇ? ಎರಡನೆಯದು, ಅನಿಮೆಗಳನ್ನು (ಜಪಾನಿ ಕಾರ್ಟೂನ್ ಚಿತ್ರಗಳನ್ನು) ನೋಡಿ ನನಗೆ ಒಂದಿಷ್ಟು ಪದಗಳು ಮೊದಲೇ ಬಂದಿವೆ, ಅವನ್ನು ಬಳಸಬಹುದೇ?

ಸಾತ್ವಿಕ (ಉತ್ತರ)

ಮೊದಲನೆಯ ಸಂದೇಹಕ್ಕೆ ಉತ್ತರ ಕೊಡುತ್ತೇನೆ. ಆ ವಾಕ್ಯ ವ್ಯಾಕರಣದ ದೃಷ್ಟಿಯಿಂದ ಸರಿಯಾಗಿದೆ, ಆದರೆ ಅದನ್ನು ಕೇಳಿದ ಪರಿಚಾರಕರು ಕಣ್ಣಿಗೆ ಕಾಣುವ ಮಾಂಸದ ತುಂಡು, ಮೀನಿನ ತುಂಡು ಇಲ್ಲದ ತಟ್ಟೆಯನ್ನು ಪೂರ್ಣ ಸದ್ಭಾವನೆಯಿಂದಲೇ ತಂದಿಡುತ್ತಾರೆ. ತೊಡಕು ಇರುವುದು "ದಶಿ"ಯಲ್ಲಿ. ಜಪಾನಿ ಅಡುಗೆಯ ತಳಹದಿಯಾದ ಈ ಸಾರನ್ನು ಸಾಮಾನ್ಯವಾಗಿ ಕತ್ಸುವೊಬುಶಿ, ಅಂದರೆ ಹೊಗೆಯಲ್ಲಿ ಒಣಗಿಸಿ ತೆಳ್ಳಗೆ ಹೆರೆದ ಮೀನಿನಿಂದ ಮಾಡುತ್ತಾರೆ. ಮಿಸೊ ಎಂಬ ಹುಳಿಬರಿಸಿದ ಸೋಯಾದ ಸೂಪಿನಲ್ಲಿ, ಉದೊನ್ ಮತ್ತು ಸೊಬ ನೂಡಲ್‌ಗಳ ಸಾರಿನಲ್ಲಿ, ತೆಂಪುರ ಎಂಬ ತರಕಾರಿ ಬಜ್ಜಿಯ ಜೊತೆ ಕೊಡುವ ಅದ್ದುವ ರಸದಲ್ಲಿ, ಬೇಯಿಸಿದ ಸೊಪ್ಪಿನಲ್ಲಿಯೂ ಅದು ಇರುತ್ತದೆ. ಅಡುಗೆಯವರ ಲೆಕ್ಕದಲ್ಲಿ ಅದು ಮೀನಿನ ಖಾದ್ಯವಲ್ಲ, ಬರಿಯ ರುಚಿ. ಆದ್ದರಿಂದ ನೀವು ಕೇಳಬೇಕಾದ ಪ್ರಶ್ನೆ "ಕತ್ಸುವೊ ದಶಿ ವ ಹೈತ್ತೆ ಇಮಸ್ ಕ", ಅಂದರೆ ಇದರಲ್ಲಿ ಮೀನಿನ ದಶಿ ಸೇರಿದೆಯೇ ಎಂದು. "ಹೈತ್ತೆ ಇಮಸ್" ಎಂದು ಉತ್ತರ ಬಂದರೆ ಸೇರಿದೆ, "ಹೈತ್ತೆ ಇಮಸೆನ್" ಎಂದರೆ ಸೇರಿಲ್ಲ. ಕೊನೆಯ ಸೆನ್ ಮೇಲೆ ಕಿವಿಯಿರಲಿ. ಕೊಂಬು ಎಂಬ ಕಡಲಕಳೆಯಿಂದ ಅಥವಾ ಒಣ ಶೀತಾಕೆ ಅಣಬೆಯಿಂದ ಮಾಡಿದ ದಶಿಯೂ ಉಂಟು, ಅದನ್ನು ನಿಶ್ಚಿಂತೆಯಿಂದ ತಿನ್ನಬಹುದು. ಕೆಲವು ಕಡೆ ಎರಡನ್ನೂ ಬೆರೆಸುತ್ತಾರೆ.

ಈ ವಿಷಯಕ್ಕೆ ಮಾತ್ರ ಬಾಯಿಮಾತನ್ನು ನೆಚ್ಚಿಕೊಳ್ಳಬೇಡಿ ಎಂದು ಹೇಳುತ್ತೇನೆ. ಮಾಂಸ, ಕೋಳಿ, ಮೀನು, ಸಿಗಡಿ, ಮೀನಿನ ದಶಿ ಇವುಗಳನ್ನು ತಿನ್ನುವುದಿಲ್ಲ, ಮೊಟ್ಟೆ ಮತ್ತು ಹಾಲು ಆಗುತ್ತವೆ ಅಥವಾ ಆಗುವುದಿಲ್ಲ ಎಂದು ಜಪಾನಿಯಲ್ಲಿ ಬರೆಸಿದ ಚೀಟಿಯನ್ನು ಮುದ್ರಿಸಿ ಇಟ್ಟುಕೊಳ್ಳಿ. ಅದನ್ನು ಪರಿಚಾರಕರು ಅಡುಗೆಮನೆಗೇ ಒಯ್ದು ತೋರಿಸಿ ಕೇಳಿಕೊಂಡು ಬರುತ್ತಾರೆ. "ಬೆಜಿತರಿಯನ್" ಎಂಬ ಪದ ಅಲ್ಲಿಯವರಿಗೆ ಗೊತ್ತು, ಆದರೆ ಅದರ ವ್ಯಾಪ್ತಿಯನ್ನು ಒಬ್ಬೊಬ್ಬರು ಒಂದೊಂದು ಬಗೆಯಾಗಿ ತಿಳಿದಿರುತ್ತಾರೆ. ಪ್ಯಾಕೆಟ್ ಆಹಾರದ ಮೇಲೆ ಮೊಟ್ಟೆ, ಹಾಲು, ಗೋಧಿ, ಕಡಲೆಕಾಯಿ ಮೊದಲಾದ ಅಲರ್ಜಿ ಪದಾರ್ಥಗಳನ್ನು ನಮೂದಿಸುವುದು ಕಡ್ಡಾಯವಾಗಿದ್ದರೂ ದಶಿಯ ಮೀನು ಆ ಕಡ್ಡಾಯ ಪಟ್ಟಿಯಲ್ಲಿಲ್ಲ; ಪದಾರ್ಥಗಳ ವಿವರವನ್ನೇ ಓದಬೇಕಾಗುತ್ತದೆ, ಅಲ್ಲಿ ಫೋನಿನ ಕ್ಯಾಮೆರಾ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಉಪ್ಪು ಮಾತ್ರ ಹಾಕಿದ ಅನ್ನದುಂಡೆ "ಶಿಯೊ ಮುಸುಬಿ" ಎಂಬ ಹೆಸರಿನಲ್ಲಿ ಸಿಗುತ್ತದೆ. ಉಪ್ಪಿನಲ್ಲಿ ಹಾಕಿದ "ಉಮೆ" ಹಣ್ಣಿನದೂ ಇದೆ, ಆದರೆ ಕೆಲವದರಲ್ಲಿ ಕತ್ಸುವೊ ಬೆರೆತಿರುವುದರಿಂದ ವಿವರ ನೋಡಿಯೇ ಕೊಳ್ಳಿ.

ಕೋಯಸಾನಿನ ಬಗ್ಗೆ ಚಿಂತೆ ಬೇಡ. ಅಲ್ಲಿಯ ದೇವಾಲಯಗಳಲ್ಲಿ ಅತಿಥಿಗಳಿಗೆ ಬಡಿಸುವುದು "ಶೋಜಿನ್ ರ್ಯೋರಿ" ಎಂಬ ಭಿಕ್ಷುಗಳ ಊಟ. ಸಂಪ್ರದಾಯದಂತೆ ಅದರಲ್ಲಿ ಮಾಂಸ, ಮೀನು ಮಾತ್ರವಲ್ಲ, ಈರುಳ್ಳಿ, ಬೆಳ್ಳುಳ್ಳಿಯೂ ಇರುವುದಿಲ್ಲ. ಎಳ್ಳಿನಿಂದ ಮಾಡಿದ "ಗೊಮ ದೋಫು" ಮತ್ತು ಹೆಪ್ಪುಗಟ್ಟಿಸಿ ಒಣಗಿಸಿದ "ಕೋಯ ದೋಫು" ಅಲ್ಲಿಯ ವಿಶೇಷಗಳು. ಇಡೀ ಪ್ರವಾಸದಲ್ಲಿ ನಿಮ್ಮ ತಾಯಿಯವರು ನಿರಾಳವಾಗಿ ಉಣ್ಣುವುದು ಅಲ್ಲಿಯೇ ಇರಬಹುದು. ಆದರೂ ಕೊಠಡಿ ಕಾದಿರಿಸುವಾಗಲೇ ಒಮ್ಮೆ ಬರೆದು ತಿಳಿಸುವುದು ಕ್ಷೇಮ.

ಊರೂರುಅಲೆಮಾರಿ (ಉತ್ತರ)

ಸಾತ್ವಿಕ ಅವರ ಮಾತಿಗೆ ಒಂದು ಸೇರಿಕೆ. ದಶಿ ಇಲ್ಲದೆ ಮಾಡಿಕೊಡಲು ಸಾಧ್ಯವೇ ಎಂದು ಕೇಳಿದಾಗ ಯಾರೂ ಮುಖಕ್ಕೆ ಹೊಡೆದಂತೆ "ಆಗುವುದಿಲ್ಲ" ಎಂದು ಹೇಳುವುದಿಲ್ಲ. ತಲೆಯನ್ನು ತುಸು ವಾಲಿಸಿ, ಹಲ್ಲುಗಳ ನಡುವೆ ಉಸಿರೆಳೆದುಕೊಂಡು "ಚೊತ್ತೊ" ಎಂದು ವಾಕ್ಯವನ್ನು ಅರ್ಧಕ್ಕೇ ಬಿಡುತ್ತಾರೆ, ಇಲ್ಲವೇ "ಮುಜ಼ುಕಶೀ ದೆಸ್" ಎನ್ನುತ್ತಾರೆ. ನಿಘಂಟಿನಲ್ಲಿ ಮೊದಲನೆಯದಕ್ಕೆ ಸ್ವಲ್ಪ ಎಂದೂ ಎರಡನೆಯದಕ್ಕೆ ಕಷ್ಟ ಎಂದೂ ಅರ್ಥ ಕೊಟ್ಟಿದ್ದರೂ ಅದು ನಿರಾಕರಣೆಯೇ. ಸ್ವಲ್ಪ ಕಷ್ಟವಾದರೂ ಮಾಡಿಕೊಡುತ್ತಾರೇನೋ ಎಂದು ಒತ್ತಾಯಿಸಬೇಡಿ. "ವಕರಿಮಶ್ತ, ಅರಿಗತೋ ಗೊಜ಼ೈಮಸ್", ಅಂದರೆ ತಿಳಿಯಿತು, ಧನ್ಯವಾದಗಳು, ಎಂದು ಹೇಳಿ ಬೇರೆ ಅಂಗಡಿ ಹುಡುಕಿ. ಹಾಗೆಯೇ ನಿಮ್ಮ ಮಾತಿನ ನಡುವೆ ಅವರು "ಹೈ, ಹೈ" ಎನ್ನುತ್ತಿದ್ದರೆ ಅದು ಒಪ್ಪಿಗೆಯೆಂದು ತಿಳಿಯಬಾರದು, ಕೇಳಿಸಿಕೊಳ್ಳುತ್ತಿದ್ದೇನೆ ಎಂಬ ಸೂಚನೆ ಮಾತ್ರ.

ಅನಿಮೆಯ ಪದಗಳನ್ನು ಮನೆಯಲ್ಲೇ ಬಿಟ್ಟು ಹೋಗಿ. ಅಲ್ಲಿಯ ಪಾತ್ರಗಳು ಬಳಸುವ "ಒಮಯೆ", "ಕಿಸಮ" ಮುಂತಾದವುಗಳನ್ನು ಅಪರಿಚಿತರಿಗೆ ಹೇಳಿದರೆ ಜಗಳಕ್ಕೆ ಕರೆದಂತೆ. ನೀವು ಎಂಬರ್ಥಕ್ಕೆ ಪುಸ್ತಕಗಳು ಕಲಿಸುವ "ಅನತ" ಕೂಡ ಎದುರಿನವರಿಗೆ ಹಿತವಾಗಿ ಕೇಳಿಸುವುದಿಲ್ಲ. ಸರ್ವನಾಮವನ್ನೇ ಬಿಟ್ಟು ಮಾತನಾಡುವುದು ಅಲ್ಲಿ ಸಹಜ. ಇತರರ ಹೆಸರಿನ ಕೊನೆಗೆ ಗೌರವಸೂಚಕವಾದ "ಸನ್" ಸೇರಿಸಿ, ನಿಮ್ಮ ಹೆಸರಿಗೆ ಸೇರಿಸಬೇಡಿ. ಉತ್ತರ ವೇಗವಾಗಿ ಬಂದರೆ "ಮೋ ಇಚಿದೊ, ಯುಕ್ಕುರಿ ಒನೆಗೈ ಶಿಮಸ್" ಎಂದು ಇನ್ನೊಮ್ಮೆ ನಿಧಾನವಾಗಿ ಹೇಳುವಂತೆ ಕೇಳಿಕೊಳ್ಳಬಹುದು. "ಕೈತೆ ಕುದಸೈ" ಎಂದರೆ ಬರೆದೇ ಕೊಡುತ್ತಾರೆ.

ಕಾಗುಣಿತ (ಉತ್ತರ)

ತುರ್ತು ಸಂದರ್ಭದ ಮಾತು ಇನ್ನೂ ಬಂದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಪೊಲೀಸರಿಗೆ 110, ಆಂಬುಲೆನ್ಸ್ ಮತ್ತು ಅಗ್ನಿಶಾಮಕಕ್ಕೆ ಎರಡಕ್ಕೂ 119. ಈ ಎರಡನೆಯ ಸಂಖ್ಯೆಗೆ ಕರೆ ಮಾಡಿದರೆ ಮೊದಲು ಬರುವ ಪ್ರಶ್ನೆ "ಕಜಿ ದೆಸ್ ಕ, ಕ್ಯೂಕ್ಯೂ ದೆಸ್ ಕ", ಅಂದರೆ ಬೆಂಕಿಯೋ, ತುರ್ತು ಚಿಕಿತ್ಸೆಯೋ ಎಂದು. ಆಂಬುಲೆನ್ಸ್ ಬೇಕಾದರೆ "ಕ್ಯೂಕ್ಯೂ ದೆಸ್" ಎನ್ನಬೇಕು. ಆದರೂ ಹತ್ತಿರ ಯಾರಾದರೂ ಇದ್ದರೆ "ಕ್ಯೂಕ್ಯೂಶ ಒ ಯೊಂದೆ ಕುದಸೈ" ಎಂದು ಅವರಿಂದಲೇ ಕರೆ ಮಾಡಿಸುವುದು ಉತ್ತಮ. ನೋವಿರುವ ಜಾಗವನ್ನು ಮುಟ್ಟಿ "ಕೊಕೊ ಗ ಇತೈ ದೆಸ್" ಎಂದರೆ ವೈದ್ಯರಿಗೆ ತಿಳಿಯುತ್ತದೆ.

ಭೂಕಂಪದ ಮುನ್ನೆಚ್ಚರಿಕೆ ಬಂದಾಗ ಸುತ್ತಲಿನ ಫೋನುಗಳೆಲ್ಲ ಒಟ್ಟಿಗೆ ಕಿರುಚಿ "ಜಿಶಿನ್ ದೆಸ್" ಎಂದು ನುಡಿಯುವುದನ್ನು ಕೇಳಿದರೆ ಗಾಬರಿಯಾಗದೆ ಮೇಜಿನ ಕೆಳಗೆ ಸೇರಿಕೊಳ್ಳಿ. ಕಡಲತೀರದಲ್ಲಿದ್ದಾಗ "ನಿಗೆತೆ", ಅಂದರೆ ಓಡಿ, ಎಂಬುದು ಕಿವಿಗೆ ಬಿದ್ದರೆ ಸುನಾಮಿಯಿಂದ ಪಾರಾಗಲು ಎತ್ತರದ ಜಾಗಕ್ಕೆ ಓಡಬೇಕು. 2024ರ ಜನವರಿ 1ರಂದು ನೊತೊ ಪರ್ಯಾಯದ್ವೀಪದಲ್ಲಿ ಭೂಕಂಪವಾದಾಗ ಟೀವಿಯಲ್ಲಿ ಈ ಎಚ್ಚರಿಕೆಯನ್ನು ಮಕ್ಕಳೂ ವಿದೇಶಿಯರೂ ಓದುವಂತೆ ದೊಡ್ಡ ಹಿರಗನಾ ಅಕ್ಷರಗಳಲ್ಲಿ ತೋರಿಸಿದರು. 1995ರ ಕೋಬೆ ಪ್ರದೇಶದ ಭೂಕಂಪದಲ್ಲಿ ಅನೇಕ ವಿದೇಶಿಯರಿಗೆ ಅಧಿಕೃತ ಸೂಚನೆಗಳೇ ಅರ್ಥವಾಗಲಿಲ್ಲವೆಂಬ ಅನುಭವದಿಂದ "ಯಸಶೀ ನಿಹೊಂಗೊ", ಅಂದರೆ ಸರಳ ಜಪಾನಿ, ಎಂಬ ಪ್ರಯತ್ನ ಆರಂಭವಾಯಿತು. ಸರ್ಕಾರಿ ಕಚೇರಿಗಳಲ್ಲೂ ಆಸ್ಪತ್ರೆಗಳಲ್ಲೂ ಆ ಪದಗುಚ್ಛವನ್ನು ಬಲ್ಲವರು ಇರುವುದರಿಂದ "ಯಸಶೀ ನಿಹೊಂಗೊ ದೆ ಒನೆಗೈ ಶಿಮಸ್" ಎಂದು ಕೇಳಿನೋಡಬಹುದು.

ಇನ್ನೊಂದು ಸಣ್ಣ ಏರ್ಪಾಡು. ತಂಗಿರುವ ಹೋಟೆಲಿನ ಹೆಸರು, ವಿಳಾಸಗಳನ್ನು ಜಪಾನಿ ಲಿಪಿಯಲ್ಲಿ ಮುದ್ರಿಸಿದ ಕಾರ್ಡನ್ನು ಸ್ವಾಗತ ಕೌಂಟರಿನಲ್ಲಿ ಕೇಳಿ ಪಡೆದು ತಾಯಿಯವರ ಕೈಚೀಲದಲ್ಲಿ ಬೇರೆಯಾಗಿ ಇಡಿ. ನೀವಿಬ್ಬರೂ ಜನಸಂದಣಿಯಲ್ಲಿ ಬೇರೆಬೇರೆಯಾದರೆ, ಅವರು ಹತ್ತಿರದ "ಕೋಬನ್" ಎಂಬ ಪೊಲೀಸ್ ಚೌಕಿಗೆ ಹೋಗಿ ಅದನ್ನು ತೋರಿಸಿ "ಸುಮಿಮಸೆನ್, ಕೊಕೊ ವ ದೊಕೊ ದೆಸ್ ಕ", ಅಂದರೆ ಈ ಜಾಗ ಎಲ್ಲಿದೆ, ಎಂದು ಕೇಳಿದರೆ ಪೊಲೀಸರು ನಕ್ಷೆ ತೆರೆದು ದಾರಿ ತೋರಿಸುತ್ತಾರೆ.